ಕಾರ್ ಟ್ಯಾಕ್ಸ್ ಇಳಿಯಿತು, ಆ ಹಣ ಎಲ್ಲಿಂದ ಬಂತು? ಕ್ಯಾಲಿಫೋರ್ನಿಯಾದ ಲೆಕ್ಕ

[ದೃಶ್ಯ: ಕ್ರೇನ್, ಕೆಳಗೆ ಹಳೇ ಕಾರು]

ನಿರೂಪಣೆ: 2003ರ ಅಕ್ಟೋಬರ್. ಕ್ಯಾಲಿಫೋರ್ನಿಯಾದ ಕೋಸ್ಟಾ ಮೆಸಾದಲ್ಲಿ ಚುನಾವಣಾ ಪ್ರಚಾರ. ಹಳೇ ಓಲ್ಡ್ಸ್‌ಮೊಬೈಲ್ ಕಾರಿನ ಮೇಲೆ ಕ್ರೇನಿನಿಂದ ಭಾರೀ ಗುಂಡು ಬೀಳುತ್ತೆ, ಕಾರು ಅಪ್ಪಚ್ಚಿ. ನಿಂತು ನೋಡ್ತಿದ್ದವರು ಹಾಲಿವುಡ್ ನಟ ಆರ್ನಾಲ್ಡ್ ಶ್ವಾರ್ಜೆನೆಗರ್. ಅವರ ಭರವಸೆ ಒಂದೇ ಮಾತಿನದು: ನಾನು ಗವರ್ನರ್ ಆದರೆ ಕಾರ್ ಟ್ಯಾಕ್ಸ್ ಏರಿಕೆ ರದ್ದು.

ಅವರು ಗೆದ್ದರು, ಮಾತನ್ನೂ ಉಳಿಸಿಕೊಂಡರು. ಆದರೆ ಆ ಒಂದು ಸಹಿಯ ಬೆಲೆಯನ್ನು ಯಾರು ತೆತ್ತರು ಅಂತ ತಿಳಿಯಬೇಕಾದರೆ ತೆರಿಗೆಯ ಒಳಗಿನ ಲೆಕ್ಕ ನೋಡಬೇಕು.

[ತೆರೆಯ ಮೇಲೆ: ವಿಎಲ್‌ಎಫ್ = ವೆಹಿಕಲ್ ಲೈಸೆನ್ಸ್ ಫೀ]

ಕಾರ್ ಟ್ಯಾಕ್ಸ್ ಅಂದರೆ ಈ ವಿಎಲ್‌ಎಫ್. ಸನ್ನಿವೇಲ್, ಫ್ರೀಮಾಂಟ್ ಕಡೆ ಇರುವ ಕನ್ನಡಿಗರಿಗೆ ಈ ಸಾಲು ಗೊತ್ತಿರುತ್ತೆ, ಪ್ರತಿ ವರ್ಷ ಡಿಎಂವಿ, ಅಂದರೆ ಅಲ್ಲಿನ ವಾಹನ ನೋಂದಣಿ ಇಲಾಖೆ ಕಳಿಸುವ ನವೀಕರಣದ ಬಿಲ್‌ನಲ್ಲಿ ಇರುತ್ತೆ. ನಮ್ಮ ಕರ್ನಾಟಕದಲ್ಲಿ ಖಾಸಗಿ ಕಾರಿಗೆ ಜೀವಿತಾವಧಿ ತೆರಿಗೆಯನ್ನು ಒಂದೇ ಸಲ ಕಟ್ಟಿ ಮುಗಿಸ್ತೀವಿ. ಅಲ್ಲಿ ವರ್ಷ ವರ್ಷ ಕಟ್ಟಬೇಕು. ಕಾರು ಒಂದು ಆಸ್ತಿ, ಅದರ ಮೌಲ್ಯದ ಮೇಲೆ ತೆರಿಗೆ ಅನ್ನೋದು ತತ್ವ. 1948ರಿಂದ ದರ 2% ಇತ್ತು.

ಮೌಲ್ಯ ಅಂದರೆ ಮಾರುಕಟ್ಟೆ ಬೆಲೆ ಅಲ್ಲ. ನೀವು ಕೊಂಡ ಬೆಲೆಗೆ ಕಾನೂನಿನಲ್ಲೇ ಬರೆದಿರುವ ಸವಕಳಿ ಪಟ್ಟಿ ಅನ್ವಯ ಆಗುತ್ತೆ. ಮೊದಲ ವರ್ಷ 100%, ಆಮೇಲೆ 90, 80, 70, 60, 50, 40, 30, 25, 20. ಹನ್ನೊಂದನೇ ವರ್ಷದಿಂದ 15%, ಅಲ್ಲಿಗೆ ನಿಲ್ಲುತ್ತೆ. ಹಳೇ ಕಾರನ್ನು ನೀವು ಕೊಂಡರೆ, ನೀವು ಕೊಟ್ಟ ಬೆಲೆಯಿಂದ ಲೆಕ್ಕ ಹೊಸದಾಗಿ ಶುರು. ಹಿಂದಿನ ಮಾಲೀಕನಿಗಿಂತ ನಿಮ್ಮ ಬಿಲ್ ಜಾಸ್ತಿ ಬಂದರೆ ಗಾಬರಿ ಬೇಡ, ಕಾರಣ ಇದೇ.

[ತೆರೆಯ ಮೇಲೆ: 20,000 ಡಾಲರ್ ಕಾರು, 4ನೇ ವರ್ಷ]

ಒಂದು ಲೆಕ್ಕ. 20,000 ಡಾಲರಿನ ಕಾರು, ನಾಲ್ಕನೇ ವರ್ಷ: ಮೌಲ್ಯ 14,000. ಇದರ 2% ಅಂದರೆ 280 ಡಾಲರ್. 0.65% ಆದರೆ 91 ಡಾಲರ್. 2003ರ ಜಗಳ ಪೂರ್ತಿ ಈ 189 ಡಾಲರಿನದು.

ಈ 0.65 ಬಂದದ್ದು ಹೇಗೆ? 1998ರಲ್ಲಿ ರಾಜ್ಯದ ಖಜಾನೆ ತುಂಬಿತ್ತು. ವಿಎಲ್‌ಎಫ್ ಅನ್ನು ಹಂತ ಹಂತವಾಗಿ ಇಳಿಸುವ ಕಾನೂನು ಬಂತು. 2001ರ ಹೊತ್ತಿಗೆ ಕಡಿತ 67.5% ಮುಟ್ಟಿತು, ಅಂದರೆ 2% ಇದ್ದ ದರ 0.65%ಕ್ಕೆ ಇಳಿಯಿತು. ಆದರೆ ವಿಎಲ್‌ಎಫ್ ಹಣ ಹೋಗ್ತಿದ್ದದ್ದು ನಗರಗಳಿಗೆ ಮತ್ತು ಕೌಂಟಿಗಳಿಗೆ (ನಮ್ಮ ಜಿಲ್ಲೆಗಳ ಹಾಗೆ): ಪೊಲೀಸ್, ಅಗ್ನಿಶಾಮಕ, ಆರೋಗ್ಯ ಸೇವೆಗೆ. ಅವುಗಳಿಗಾದ ನಷ್ಟವನ್ನು ರಾಜ್ಯವೇ ತುಂಬಿಕೊಡುತ್ತೆ ಅಂತ ಒಪ್ಪಂದ ಆಯ್ತು. ವರ್ಷಕ್ಕೆ ಸುಮಾರು 400 ಕೋಟಿ ಡಾಲರ್. ಜೊತೆಗೆ ಒಂದು ಷರತ್ತು: ರಾಜ್ಯದ ಬಳಿ ಹಣ ಸಾಲದಿದ್ದರೆ ದರ ತಾನಾಗಿ ಹಳೇ ಮಟ್ಟಕ್ಕೆ ವಾಪಸ್.

ಡಾಟ್‌ಕಾಮ್ ಕುಸಿತದ, ಅಂದರೆ ಇಂಟರ್ನೆಟ್ ಕಂಪನಿಗಳ ಷೇರು ನೆಲಕಚ್ಚಿದ ನಂತರ ಹಣ ಸಾಲಲಿಲ್ಲ. 2003ರ ಜೂನ್‌ನಲ್ಲಿ ಗವರ್ನರ್ ಗ್ರೇ ಡೇವಿಸ್ ಸರ್ಕಾರ ಷರತ್ತನ್ನು ಜಾರಿ ಮಾಡಿತು. ಅಕ್ಟೋಬರ್ 1ರಿಂದ ಬಿಲ್ ಮೂರು ಪಟ್ಟು. ಅಕ್ಟೋಬರ್ 7ರಂದು ಜನ ಮತ ಹಾಕಿ ಡೇವಿಸ್ ಅವರನ್ನು ಅಧಿಕಾರದಿಂದ ಇಳಿಸಿದರು, ಶ್ವಾರ್ಜೆನೆಗರ್ ಅವರನ್ನು ಗೆಲ್ಲಿಸಿದರು. ನವೆಂಬರ್ 17ರಂದು ಪ್ರಮಾಣ ವಚನ, ಅದೇ ದಿನ ಶ್ವಾರ್ಜೆನೆಗರ್ ಸಹಿ, ಏರಿಕೆ ರದ್ದು.

[ದೃಶ್ಯ: ನಗರಸಭೆ ಕಟ್ಟಡ, ಅಗ್ನಿಶಾಮಕ ಠಾಣೆ]

ಮುಖ್ಯವಾದ ಭಾಗ ಇಲ್ಲಿಂದ. ಏರಿಕೆ ನಿಂತಿತು, ನಗರಗಳ ಪಾಲನ್ನು ಕೊಡಲು ದುಡ್ಡಿಲ್ಲ. ಡಿಸೆಂಬರ್‌ನಲ್ಲಿ ತುರ್ತು ಅಧಿಕಾರ ಬಳಸಿ 265 ಕೋಟಿ ಡಾಲರ್ ಬಿಡುಗಡೆಗೆ ಆದೇಶ ಕೊಡಬೇಕಾಯ್ತು. 2004ರ ಮಾರ್ಚ್‌ನಲ್ಲಿ ಕೊರತೆ ನೀಗಿಸಲು 1,500 ಕೋಟಿ ಡಾಲರಿನ ಸಾಲಪತ್ರಕ್ಕೆ ಮತದಾರರ ಒಪ್ಪಿಗೆ ಪಡೆದರು. ಅದೇ ವರ್ಷ ಅದಲು ಬದಲಿನ ವ್ಯವಸ್ಥೆ ಬಂತು: ದರ 0.65ಕ್ಕೆ ಖಾಯಂ, ಪ್ರತಿಯಾಗಿ ಶಾಲೆಗಳ ಪಾಲಿನ ಆಸ್ತಿ ತೆರಿಗೆ ನಗರಗಳಿಗೆ, ಶಾಲೆಗಳ ಕೊರತೆಗೆ ರಾಜ್ಯದ ಖಜಾನೆ. ಅಂದರೆ ಕಾರಿನವನ ಬಿಲ್ಲಿನಿಂದ ಇಳಿದ ಭಾರ ಎಲ್ಲ ತೆರಿಗೆದಾರರ ಹೆಗಲಿಗೆ, ಬಸ್ಸಿನಲ್ಲಿ ಓಡಾಡುವವರನ್ನೂ ಸೇರಿಸಿ. ಇದು ಅನ್ಯಾಯ ಅಂತಲೇ ನಮ್ಮ ಅಭಿಪ್ರಾಯ, ಯಾಕಂದ್ರೆ ದುಬಾರಿ ಕಾರು ಇದ್ದವರಿಗೇ ಉಳಿತಾಯ ಹೆಚ್ಚು.

ತೀರಾ ಪೆಟ್ಟು ತಿಂದದ್ದು ಹೊಸ ನಗರಗಳು. 2004ರ ನಂತರ ಹುಟ್ಟಿದ ನಗರಗಳಿಗೆ ಆ ಅದಲು ಬದಲಿನಲ್ಲಿ ಪಾಲು ಸಿಗಲಿಲ್ಲ. ಅವು ಉಳಿದ ವಿಎಲ್‌ಎಫ್ ಹಣವನ್ನೇ ನಂಬಿದ್ದವು. 2011ರಲ್ಲಿ ಎಸ್‌ಬಿ 89 ಕಾನೂನು ಅದನ್ನೂ ಕಿತ್ತುಕೊಂಡಿತು. ರಿವರ್‌ಸೈಡ್ ಕೌಂಟಿಯ ಜುರೂಪಾ ವ್ಯಾಲಿ ನಗರವಾದದ್ದು 2011ರ ಜುಲೈ 1ಕ್ಕೆ, ಹುಟ್ಟಿದ ದಿನವೇ ಆದಾಯಕ್ಕೆ ಕತ್ತರಿ. ನಗರವನ್ನೇ ವಿಸರ್ಜಿಸುವ ಯೋಚನೆವರೆಗೂ ಹೋಯ್ತು. ಖಾಯಂ ಪರಿಹಾರ ಸಿಕ್ಕಿದ್ದು 2017ರಲ್ಲಿ.

ಇನ್ನೊಂದು ವಿಷಯ. 2009ರ ಮೇನಲ್ಲಿ ದರ 1.15%ಕ್ಕೆ ಏರಿತು, 2011ರ ಜೂನ್ 30ರವರೆಗೆ. ಆ ಕಾನೂನಿಗೆ ಸಹಿ ಹಾಕಿದ ಗವರ್ನರ್ ಕೂಡ ಶ್ವಾರ್ಜೆನೆಗರ್ ಅವರೇ.

[ತೆರೆಯ ಮೇಲೆ: ಕಾರು ಓಡಿಸದಿದ್ದರೆ?]

ಈಗ ಕೈಗೆ ಉಪಯೋಗ ಆಗುವ ಮಾತು. ಕಾರನ್ನು ವರ್ಷವಿಡೀ ಓಡಿಸಲ್ಲ ಅಂದರೆ ಪೂರ್ತಿ ಫೀ ಕಟ್ಟಬೇಕಿಲ್ಲ. ಪಿಎನ್‌ಒ, ಅಂದರೆ ಪ್ಲ್ಯಾನ್ಡ್ ನಾನ್-ಆಪರೇಷನ್ ಸಲ್ಲಿಸಿ ಸಣ್ಣ ಫೀ ಕಟ್ಟಿದರೆ ಸಾಕು. ನೋಂದಣಿ ಮುಗಿಯುವ 60 ದಿನ ಮೊದಲಿಂದ ಸಲ್ಲಿಸಬಹುದು. ಅವಧಿ ಮುಗಿದ ಮೇಲೆ ಹೋದರೆ ದಂಡ ಸೇರುತ್ತೆ, 90 ದಿನ ದಾಟಿದರೆ ಪೂರ್ತಿ ನವೀಕರಣ ಶುಲ್ಕ. ಹೆಚ್ಚಿನವರು ಎಡವುವುದು ಮನೆ ಮುಂದಿನ ರಸ್ತೆಯಲ್ಲಿ. ಪಿಎನ್‌ಒ ಕಾರನ್ನು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವುದಷ್ಟೇ ಅಲ್ಲ, ನಿಲ್ಲಿಸುವಂತೆಯೂ ಇಲ್ಲ. ಗ್ಯಾರೇಜ್ ಅಥವಾ ಸ್ವಂತ ಜಾಗವೇ ಬೇಕು. ಸಿಕ್ಕಿಬಿದ್ದರೆ ಇಡೀ ವರ್ಷದ ಶುಲ್ಕ, ಮೇಲೆ ದಂಡ.

ಮಾರಿದರೆ ಐದು ದಿನದೊಳಗೆ ಡಿಎಂವಿಗೆ ಮಾಲೀಕತ್ವ ವರ್ಗಾವಣೆಯ ಸೂಚನೆ ಕಳಿಸಿ, ಆನ್‌ಲೈನ್‌ನಲ್ಲೇ ಆಗುತ್ತೆ. ಕಳಿಸದಿದ್ದರೆ ಹೊಸ ಮಾಲೀಕನ ಪಾರ್ಕಿಂಗ್ ದಂಡದ ಚೀಟಿ ನಿಮ್ಮ ವಿಳಾಸಕ್ಕೇ ಬರುತ್ತೆ.