ಸರ್ಕಾರದ ಕೈಯಲ್ಲಿ ಉಳಿದ ನಲ್ಲಿಗಳು

ಕೇಳುಗರಿಗೆ ನಮಸ್ಕಾರ.

ನಿಮ್ಮ ಮನೆಯಲ್ಲಿ ಸಂಬಳದಾರರಿದ್ದರೆ, ಸಂಬಳದ ಚೀಟಿಯಲ್ಲಿ ‘ವೃತ್ತಿ ತೆರಿಗೆ’ ಎಂಬ ಸಾಲನ್ನು ಒಮ್ಮೆ ನೋಡಿ. ಹನ್ನೊಂದು ತಿಂಗಳು ಅಲ್ಲಿ 200 ರೂಪಾಯಿ ಇರುತ್ತದೆ, ಫೆಬ್ರವರಿಯಲ್ಲಿ ಮಾತ್ರ 300. ಇರುವುದರಲ್ಲೇ ಚಿಕ್ಕ ತಿಂಗಳಿಗೆ ಹೆಚ್ಚು ತೆರಿಗೆಯೇ ಎಂದು ನಗು ಬಂದೀತು. ಹನ್ನೊಂದು ತಿಂಗಳಿಗೆ 2,200, ಅದಕ್ಕೆ 300 ಸೇರಿದರೆ 2,500. ಒಬ್ಬ ವ್ಯಕ್ತಿಯಿಂದ ವರ್ಷಕ್ಕೆ ಇದಕ್ಕಿಂತ ಹೆಚ್ಚು ವೃತ್ತಿ ತೆರಿಗೆ ಪಡೆಯಬಾರದೆಂದು ಸಂವಿಧಾನದ 276ನೇ ವಿಧಿ ಹೇಳುತ್ತದೆ. ಈ ಮಿತಿ 1988ರ ತಿದ್ದುಪಡಿಯಲ್ಲಿ ಬಂದದ್ದು, ಅದಕ್ಕೂ ಮೊದಲು 250 ರೂಪಾಯಿ ಇತ್ತು. ನಮ್ಮ ರಾಜ್ಯ 2,400ಕ್ಕೆ ನಿಂತಿತ್ತು. 2025ರ ಏಪ್ರಿಲ್‌ನಿಂದ ಉಳಿದಿದ್ದ ಆ ನೂರು ರೂಪಾಯಿಯನ್ನೂ ಬಳಿದುಕೊಂಡಿತು.

ಪಾತ್ರೆಯ ತಳ ಕೆರೆಯುವ ಈ ಸದ್ದಿನಲ್ಲಿ ರಾಜ್ಯ ಸರ್ಕಾರಗಳ ಪಾಡೆಲ್ಲ ಇದೆ. ತೆರಿಗೆಯ ಬಾಬುಗಳು ಹಲವು ಇವೆ, ಆದರೆ ದರ ಹೆಚ್ಚಿಸುವ ಅಧಿಕಾರ ಪೂರ್ತಿಯಾಗಿ ಕೈಯಲ್ಲಿರುವುದು ಕೆಲವಕ್ಕೆ ಮಾತ್ರ.

ಕರ್ನಾಟಕದ 2025-26ರ ಬಜೆಟ್ ಅಂದಾಜನ್ನೇ ನೋಡೋಣ. ರಾಜ್ಯದ ಸ್ವಂತ ತೆರಿಗೆ ಆದಾಯ 2,08,100 ಕೋಟಿ ರೂಪಾಯಿ. ಅದರಲ್ಲಿ ವಾಣಿಜ್ಯ ತೆರಿಗೆಗಳದ್ದೇ 1,20,000 ಕೋಟಿ. ಅಬಕಾರಿ 40,000 ಕೋಟಿ, ಮುದ್ರಾಂಕ ಮತ್ತು ನೋಂದಣಿ 28,000 ಕೋಟಿ, ಮೋಟಾರು ವಾಹನ ತೆರಿಗೆ 15,000 ಕೋಟಿ. ಮಿಕ್ಕದ್ದು ಚಿಲ್ಲರೆ. ಅರಸರ ಕಾಲದಲ್ಲಿ ಬೊಕ್ಕಸದ ಬೆನ್ನೆಲುಬಾಗಿದ್ದ ಭೂಕಂದಾಯ ಈಗ ಆ ಚಿಲ್ಲರೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿದೆ. ಕಂದಾಯ ಇಲಾಖೆ ಎಂಬ ಹೆಸರು ಹಾಗೆಯೇ ಉಳಿದಿದೆ. ಅದು ಪಹಣಿ ನೋಡಿಕೊಳ್ಳುತ್ತದೆ, ಹಣ ತರುವ ಕೆಲಸ ವಾಣಿಜ್ಯ ತೆರಿಗೆ ಇಲಾಖೆಯದು.

ಆ 1,20,000 ಕೋಟಿಯಲ್ಲಿ ಸಿಂಹಪಾಲು ಜಿಎಸ್‌ಟಿಯದು. 2017ರ ಜುಲೈ 1ರಂದು ಅದು ಬಂದಾಗ ಮೌಲ್ಯವರ್ಧಿತ ತೆರಿಗೆ, ಪ್ರವೇಶ ತೆರಿಗೆ, ವಿಲಾಸ ತೆರಿಗೆ ಎಲ್ಲವೂ ಅದರೊಳಗೆ ಕರಗಿದವು. ಶೇಕಡ 18ರ ದರದ ವಸ್ತುವನ್ನು ನೀವು ನಿಮ್ಮ ಊರಿನ ಅಂಗಡಿಯಲ್ಲಿ ಕೊಂಡರೆ ರಸೀದಿಯಲ್ಲಿ ಎರಡು ಒಂಬತ್ತುಗಳು ಕಾಣುತ್ತವೆ. ಒಂದು ಒಂಬತ್ತು ದೆಹಲಿಗೆ, ಇನ್ನೊಂದು ನಮ್ಮ ರಾಜ್ಯಕ್ಕೆ. ಈ ತೆರಿಗೆಯ ಸ್ವಭಾವವೆಂದರೆ ಅದು ಸರಕು ತಯಾರಾದ ಊರನ್ನು ಕೇಳುವುದಿಲ್ಲ, ಬಳಕೆಯಾದ ಊರನ್ನು ಕೇಳುತ್ತದೆ. ಬಿಡದಿಯ ಕಾರ್ಖಾನೆಯಿಂದ ಹೊರಬಿದ್ದ ಕಾರನ್ನು ಜೈಪುರದವರೊಬ್ಬರು ಕೊಂಡರೆ ರಾಜ್ಯದ ಪಾಲು ರಾಜಸ್ಥಾನಕ್ಕೆ ಸೇರುತ್ತದೆ. ಬೆಂಗಳೂರಿನ ಸಾಫ್ಟ್‌ವೇರ್ ರಫ್ತಿನ ಮೇಲೆ ಜಿಎಸ್‌ಟಿ ಶೂನ್ಯ. ಆ ಕಂಪನಿಗಳ ಲಾಭದ ಮೇಲಿನ ತೆರಿಗೆಯೂ ನೌಕರರ ಆದಾಯ ತೆರಿಗೆಯೂ ಕೇಂದ್ರದ ಖಜಾನೆಗೆ ಹೋಗುತ್ತವೆ. ನಮಗೆ ದಕ್ಕುವುದು ಆ ನೌಕರರು ಇಲ್ಲಿ ಮಾಡುವ ಖರ್ಚು: ಹೋಟೆಲಿನ ಬಿಲ್ಲು, ಫ್ರಿಜ್ಜು, ಮೊಬೈಲು. ಹೀಗಿದ್ದರೂ ಜಿಎಸ್‌ಟಿ ಸಂಗ್ರಹದಲ್ಲಿ ಮಹಾರಾಷ್ಟ್ರದ ನಂತರದ ಸ್ಥಾನ ಕರ್ನಾಟಕದ್ದು.

ಆದರೆ ಇದರ ದರವನ್ನು ವಿಧಾನಸೌಧದಲ್ಲಿ ಕುಳಿತು ಬದಲಾಯಿಸಲು ಬರುವುದಿಲ್ಲ. ಜಿಎಸ್‌ಟಿ ಮಂಡಳಿಯಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೂ ಸೇರಿ ಮೂರನೇ ಎರಡು, ತೀರ್ಮಾನಕ್ಕೆ ನಾಲ್ಕನೇ ಮೂರರ ಬೆಂಬಲ ಬೇಕು. ಕೇಂದ್ರ ಒಪ್ಪದೆ ಅಲ್ಲಿ ಏನೂ ಆಗದು. ಮೊದಲ ಐದು ವರ್ಷ ವರ್ಷಕ್ಕೆ ಶೇಕಡ 14ರ ಬೆಳವಣಿಗೆಯ ಖಾತರಿಯಿತ್ತು, ಕಡಿಮೆ ಬಿದ್ದದ್ದನ್ನು ಪರಿಹಾರವಾಗಿ ತುಂಬಿಕೊಡುತ್ತಿದ್ದರು. 2022ರ ಜೂನ್‌ಗೆ ಅದೂ ಮುಗಿಯಿತು.

ಇನ್ನು ಕೇಂದ್ರ ಸಂಗ್ರಹಿಸಿದ ತೆರಿಗೆಯಲ್ಲಿ ನಮಗೆ ಬರುವ ಪಾಲು. ಈ ಪಾಲನ್ನು ಸೂಚಿಸುವುದು ಹಣಕಾಸು ಆಯೋಗ. 14ನೇ ಆಯೋಗದ ಅವಧಿಯಲ್ಲಿ, ಹಂಚಬೇಕಾದ ನೂರು ರೂಪಾಯಿಯಲ್ಲಿ 42 ರಾಜ್ಯಗಳಿಗೆ ಬರುತ್ತಿತ್ತು. ಅದರಲ್ಲಿ ಕರ್ನಾಟಕದ ಭಾಗ ಶೇಕಡ 4.713, ಅಂದರೆ ಹೆಚ್ಚುಕಡಿಮೆ ಎರಡು ರೂಪಾಯಿ. 2026ರ ಮಾರ್ಚ್‌ವರೆಗಿನ ಅವಧಿಗೆ 15ನೇ ಆಯೋಗ ರಾಜ್ಯಗಳ ಒಟ್ಟು ಪಾಲನ್ನು 41ಕ್ಕೂ ನಮ್ಮ ಭಾಗವನ್ನು ಶೇಕಡ 3.647ಕ್ಕೂ ಇಳಿಸಿತು. ಎರಡು ರೂಪಾಯಿ ಒಂದೂವರೆಯಾಯಿತು. ಆ ಆಯೋಗದ ಹಂಚಿಕೆಯ ಸೂತ್ರದಲ್ಲಿ ನೂರಕ್ಕೆ 45 ಅಂಕ ತಲಾದಾಯದ ಅಂತರಕ್ಕೇ ಮೀಸಲಾಗಿತ್ತು. ತಲಾದಾಯ ಹೆಚ್ಚಿರುವ ರಾಜ್ಯಕ್ಕೆ ಅದರಲ್ಲಿ ಸಿಗುವುದು ಅತ್ಯಲ್ಪ. ಬಡ ರಾಜ್ಯಗಳಿಗೆ ಹೆಚ್ಚು ಸಲ್ಲಬೇಕೆಂಬುದರಲ್ಲಿ ನನಗೆ ತಕರಾರಿಲ್ಲ. ನನ್ನ ತಕರಾರು ಸೆಸ್ ಮತ್ತು ಸರ್‌ಚಾರ್ಜ್‌ಗಳ ಬಗ್ಗೆ. ಅವು ಹಂಚಿಕೆಯ ತಟ್ಟೆಗೇ ಬೀಳುವುದಿಲ್ಲ. ತೆರಿಗೆಯ ಬದಲು ಸೆಸ್ ಎಂದು ಹೆಸರಿಟ್ಟರೆ ಸಾಕು, ಹಣ ಪೂರ್ತಿ ಕೇಂದ್ರದಲ್ಲೇ ಉಳಿಯುತ್ತದೆ.

ಹೀಗಾಗಿ, ಗ್ಯಾರಂಟಿಗೋ ರಸ್ತೆಗೋ ಹಣ ಬೇಕೆಂದಾಗ, ಪಕ್ಷ ಯಾವುದೇ ಇರಲಿ, ಕೈ ಹೋಗುವುದು ನಾಲ್ಕು ನಲ್ಲಿಗಳ ಕಡೆಗೇ: ಮದ್ಯ, ಇಂಧನ, ಆಸ್ತಿ ನೋಂದಣಿ, ವಾಹನ.

ಮನುಷ್ಯರು ಕುಡಿಯುವ ಮದ್ಯವನ್ನು ಜಿಎಸ್‌ಟಿಯಿಂದ ಹೊರಗಿಟ್ಟಿರುವುದು ಸಂವಿಧಾನವೇ. ಡಿಸ್ಟಿಲರಿಯಿಂದ ಹೊರಟ ಬಾಟಲಿ ರಾಜ್ಯ ಪಾನೀಯ ನಿಗಮದ ಡಿಪೋ ಹಾದು ಅಂಗಡಿಗೆ ಬರಬೇಕು. ಸಗಟು ವ್ಯಾಪಾರ 2003ರಿಂದ ಆ ನಿಗಮದ್ದೇ. ಗಿರಾಕಿ ಮುಚ್ಚಳ ತಿರುಗಿಸುವ ಎಷ್ಟೋ ಮೊದಲೇ ಸುಂಕ ಖಜಾನೆ ಸೇರಿರುತ್ತದೆ. 2007ರ ಜುಲೈನಲ್ಲಿ ಸಾರಾಯಿ ನಿಷೇಧವಾದರೂ ಅಬಕಾರಿ ಆದಾಯ ಬಡವಾಗಲಿಲ್ಲ. ಇಂದು ಸ್ವಂತ ತೆರಿಗೆಯ ಪ್ರತಿ ಐದು ರೂಪಾಯಿಯಲ್ಲಿ ಹೆಚ್ಚುಕಡಿಮೆ ಒಂದು ಇಲ್ಲಿಂದ ಬರುತ್ತದೆ. ಮದ್ಯಪಾನ ಕೆಟ್ಟದ್ದೆಂದು ಫಲಕ ಹಾಕುವ ಸರ್ಕಾರವೇ ಅಬಕಾರಿ ಇಲಾಖೆಗೆ ವರ್ಷದ ಗುರಿಯನ್ನೂ ಕೊಡುತ್ತದೆ.

ನೋಂದಣಿಯ ನಲ್ಲಿ ಜೀವನದಲ್ಲಿ ಒಮ್ಮೆಯೋ ಎರಡು ಸಲವೋ ಎದುರಾಗುವಂಥದ್ದು, ಆದ್ದರಿಂದಲೇ ಜೋರಾಗಿ ತಟ್ಟುತ್ತದೆ. ಕ್ರಯದ ಬೆಲೆ ಮತ್ತು ಸರ್ಕಾರ ನಿಗದಿಪಡಿಸಿದ ಮಾರ್ಗಸೂಚಿ ಬೆಲೆ, ಇವೆರಡರಲ್ಲಿ ಹೆಚ್ಚಿನದರ ಮೇಲೆ ಲೆಕ್ಕ. 60 ಲಕ್ಷದ ಮನೆಗೆ ಶೇಕಡ 5ರ ಮುದ್ರಾಂಕ ಶುಲ್ಕವೇ 3 ಲಕ್ಷ. ನೋಂದಣಿ ಶುಲ್ಕ ಶೇಕಡ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇಕಡ 2 ಆಯಿತು. ಅದೇ ಮನೆಗೆ 60,000 ಇದ್ದ ಶುಲ್ಕ 1,20,000 ಆಯಿತು. ಕಾರು ಕೊಳ್ಳುವವರ ಜೀವಿತಾವಧಿ ತೆರಿಗೆಯ ಕಥೆಯೂ ಬೇರೆಯಲ್ಲ.

ಪೆಟ್ರೋಲು, ಡೀಸೆಲ್ ಇನ್ನೂ ಜಿಎಸ್‌ಟಿಯ ಒಳಗೆ ಬಂದಿಲ್ಲ. ಅವಕ್ಕೆ ನಮ್ಮ 1957ರ ಮಾರಾಟ ತೆರಿಗೆ ಕಾಯ್ದೆಯೇ ಆಧಾರ. 2024ರ ಜೂನ್‌ನಲ್ಲಿ ಪೆಟ್ರೋಲಿನ ಮೇಲಿನ ದರವನ್ನು ಶೇಕಡ 29.84ಕ್ಕೂ ಡೀಸೆಲ್‌ನದನ್ನು 18.44ಕ್ಕೂ ಏರಿಸಿದರು. 2025ರ ಏಪ್ರಿಲ್ 1ರಿಂದ ಡೀಸೆಲ್ ದರ 21.17ಕ್ಕೆ ಹೋಯಿತು. ಲಾರಿಯವರು, ಬಸ್ಸಿನವರು ಸಿಡಿಮಿಡಿಗೊಂಡರು. ಸರ್ಕಾರ ಪಕ್ಕದ ರಾಜ್ಯಗಳ ಬೆಲೆಪಟ್ಟಿ ತೋರಿಸಿತು.

ಆ ಪಟ್ಟಿಯೇ ಈ ನಲ್ಲಿಗೆ ಇರುವ ನಿಜವಾದ ಕಡಿವಾಣ. ಗಡಿಯಾಚೆಗಿಂತ ಇಲ್ಲಿ ತುಟ್ಟಿಯಾದರೆ ಲಾರಿ ಆಚೆಗೇ ಹೋಗಿ ಟ್ಯಾಂಕ್ ತುಂಬಿಸಿಕೊಳ್ಳುತ್ತದೆ. ಸದ್ಯಕ್ಕೆ ಮಂಗಳೂರಿನಾಚೆ ತಲಪಾಡಿಯಲ್ಲಿ ಗಾಳಿ ನಮ್ಮ ಕಡೆಗೆ ಬೀಸುತ್ತಿದೆ. ಕೇರಳದಲ್ಲಿ ಬೆಲೆ ಹೆಚ್ಚಾದ್ದರಿಂದ, ಗಡಿಯ ಈಚೆಗಿನ ಬಂಕುಗಳಲ್ಲಿ ಕೆ.ಎಲ್. ನಂಬರಿನ ವಾಹನಗಳು ಬಂದು ನಿಲ್ಲುತ್ತವೆ. ಅವರು ತುಂಬಿಸಿಕೊಂಡು ಹೋಗುವ ಪ್ರತಿ ಲೀಟರಿನ ಮಾರಾಟ ತೆರಿಗೆ ಬೆಂಗಳೂರಿಗೆ ಬರುತ್ತದೆ.

ನಮಸ್ಕಾರ.