ಕಪಾಟಿನಲ್ಲಿ ಮಲಗಿರುವ ಹ್ಯಾಂಡಿಕ್ಯಾಮ್

ಕೇಳುಗರೆ, ನಮಸ್ಕಾರ.

ನಿಮ್ಮ ಮನೆಯ ಕಬ್ಬಿಣದ ಕಪಾಟಿನ ಮೇಲಿನ ಖಾನೆಗೆ ಒಮ್ಮೆ ಕೈ ಹಾಕಿ ನೋಡಿ. ಮದುವೆ ಆಲ್ಬಮ್ಮು, ಹಳೆಯ ಇನ್ಶೂರೆನ್ಸ್ ಕಾಗದ, ಯಾರೂ ಹಾಕಿಕೊಳ್ಳದ ಸ್ವೆಟರು. ಮುಂಬೈಯಲ್ಲಿ ಸ್ವೆಟರು ಯಾಕೆ ಅಂತ ಕೇಳಬೇಡಿ, ಎಲ್ಲರ ಮನೆಯಲ್ಲೂ ಒಂದಿರುತ್ತದೆ. ಅದರ ಹಿಂದೆ ಒಂದು ಕಪ್ಪು ಚೀಲ. ಜಿಪ್ಪು ಎಳೆದರೆ ಒಳಗೆ ಹ್ಯಾಂಡಿಕ್ಯಾಮು, ಅಂದರೆ ಕೈಯಲ್ಲಿ ಹಿಡಿಯುವ ಹಳೆಯ ವಿಡಿಯೊ ಕ್ಯಾಮೆರಾ, ಗಂಟು ಬಿದ್ದ ವೈರುಗಳು, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ನಾಲ್ಕಾರು ಕ್ಯಾಸೆಟ್ಟು.

ಅಂಥ ಚೀಲ ನಿಮ್ಮಲ್ಲಿದ್ದರೆ ಇವತ್ತಿನ ಮಾತು ನಿಮಗೆ. ಫೋನಿನಲ್ಲೇ ವಿಡಿಯೊ ತೆಗೆಯುವ ಕಾಲ, ಇದನ್ನೆಲ್ಲ ಯಾರು ಕೇಳುತ್ತಾರೆ ಅಂದುಕೊಂಡಿದ್ದೆ. ಆದರೆ ಕಳೆದ ಮಳೆಗಾಲದಲ್ಲಿ ಡೊಂಬಿವಲಿಯ ನಮ್ಮ ಕಟ್ಟಡದಲ್ಲೇ ಮೂರು ಮನೆಯವರು ಚೀಲ ಹಿಡಿದುಕೊಂಡು ನನ್ನ ಬಳಿ ಬಂದರು. ಒಬ್ಬರು ಕೇಳಿದ್ದು ಹೀಗೆ: "ಇದರೊಳಗೆ ನಮ್ಮಪ್ಪ ಇದ್ದಾರೆ. ಹೊರಗೆ ತೆಗೆಯೋದು ಹೇಗೆ?"

ಮೊದಲು ನಿಮ್ಮ ಕೈಯಲ್ಲಿರುವುದು ಯಾವ ಜಾತಿ ಅಂತ ನೋಡಿ. ಹೆಗಲ ಮೇಲೆ ಹೊರುವಂಥದ್ದಾದರೆ ಹೆಚ್ಚಾಗಿ ದೊಡ್ಡ ಕ್ಯಾಸೆಟ್ಟಿನ ವಿಎಚ್ಎಸ್. 1983ರಲ್ಲಿ ಸೋನಿ ಕಂಪನಿ ತಂದ ಮೊದಲ ಮನೆಬಳಕೆಯ ಕ್ಯಾಮ್‌ಕಾರ್ಡರೂ ಹೆಗಲ ಹೊರೆಯೇ. ತಮಾಷೆ ಅಂದರೆ ಅದು ರೆಕಾರ್ಡ್ ಮಾತ್ರ ಮಾಡುತ್ತಿತ್ತು, ತೆಗೆದದ್ದನ್ನು ಅದರಲ್ಲೇ ನೋಡಲು ಆಗುತ್ತಿರಲಿಲ್ಲ. 1985ರಲ್ಲಿ ಅಂಗೈಯಗಲದ ಕ್ಯಾಸೆಟ್ಟಿನ ವಿಡಿಯೊ 8 ಬಂತು. 1995ರಲ್ಲಿ ಇನ್ನೂ ಚಿಕ್ಕ ಕ್ಯಾಸೆಟ್ಟಿನ, ಡಿಜಿಟಲ್ ಆದ ಮಿನಿ ಡಿವಿ. ನಮ್ಮ ಮುಂಬೈ ಕನ್ನಡಿಗರ ಮನೆಗಳಲ್ಲಿ ಹೆಚ್ಚಾಗಿ ಸಿಗುವುದು ಈ ಮಿನಿ ಡಿವಿಯೇ. ಹಾಗಾಗಿ ಅದನ್ನೇ ಹಿಡಿದು ಹೇಳುತ್ತೇನೆ.

ಕ್ಯಾಮೆರಾ ತೆಗೆದ ಕೂಡಲೇ ಬ್ಯಾಟರಿ ಚಾರ್ಜಿಗಿಡಬೇಡಿ. ಅಂಗೈ ಮೇಲಿಟ್ಟು ನೋಡಿ. ಬದಿ ಉಬ್ಬಿದ್ದರೆ, ಮೇಜಿನ ಮೇಲಿಟ್ಟಾಗ ಗಿರಗಿರ ತಿರುಗಿದರೆ, ಅದನ್ನು ಬಳಸುವುದೇ ಬೇಡ. ವರ್ಷಗಟ್ಟಲೆ ಬರಿದಾಗಿದ್ದ ಲಿಥಿಯಂ ಬ್ಯಾಟರಿ ಮತ್ತೆ ಏಳುವುದು ಅಪರೂಪ. ಚಿಂತೆ ಬೇಡ, ಅಡಾಪ್ಟರ್ ಇದ್ದರೆ ನೇರ ಕರೆಂಟಿನಲ್ಲೇ ಕ್ಯಾಮೆರಾ ನಡೆಯುತ್ತದೆ. ಅಮೆರಿಕದಿಂದ ಬಂದ ಅಡಾಪ್ಟರ್ ಆದರೆ ಅದರ ಬೆನ್ನಿನ ಸಣ್ಣ ಅಕ್ಷರ ಓದಿ. 100ರಿಂದ 240 ವೋಲ್ಟ್ ಅಂತಿದ್ದರೆ ನಮ್ಮ ಪ್ಲಗ್ಗಿಗೆ ಧೈರ್ಯವಾಗಿ ಹಾಕಬಹುದು.

ಹಚ್ಚಿದ ತಕ್ಷಣ ಅದು ತಾರೀಖು ಕೇಳುತ್ತದೆ. ಒಳಗಿನ ಪುಟ್ಟ ಸೆಲ್ ಸತ್ತಿರುತ್ತದೆ, ಅದಕ್ಕೆ. ಕೆಲವು ಮಾದರಿಗಳಲ್ಲಿ ಅಡಾಪ್ಟರ್‌ಗೆ ಒಂದು ದಿನ ಪೂರ್ತಿ ಹಚ್ಚಿಟ್ಟರೆ ಆ ಸೆಲ್ ಮತ್ತೆ ತುಂಬಿಕೊಳ್ಳುತ್ತದೆ. ತಾರೀಖು ಸರಿಯಾಗಿ ಹಾಕಿ, ಸೋಮಾರಿತನ ಮಾಡಬೇಡಿ. ಇಲ್ಲದಿದ್ದರೆ ಮೊಮ್ಮಗನ ನಾಮಕರಣ ಅವನಪ್ಪನ ಮುಂಜಿಗಿಂತ ಮೊದಲೇ ಆದಂತೆ ಕಾಣುತ್ತದೆ.

ಟೇಪು ಹಾಕುವಾಗ ಒಂದೇ ಎಚ್ಚರ. ಬಾಗಿಲು ತೆರೆದಾಗ ಒಳಗಿನ ತೊಟ್ಟಿಲು ತಾನಾಗಿಯೇ ಮೇಲೆದ್ದು ಬರುತ್ತದೆ, ತಾನಾಗಿಯೇ ಇಳಿಯುತ್ತದೆ. 'ಪುಶ್' ಅಂತ ಬರೆದ ಜಾಗದಲ್ಲಿ ಮೆಲ್ಲಗೆ ಒತ್ತಿ, ಅದು ಇಳಿದ ಮೇಲೆ ಹೊರಬಾಗಿಲು ಮುಚ್ಚಿ. ಒತ್ತಿ ತುರುಕುವ ಕೆಲಸ ಬೇಡ. ಒಳಗೆ ಏನು ನಡೆಯುತ್ತಿದೆ ಗೊತ್ತಾ? ತಲೆ ಅಂತ ಕರೆಯುವ ಪುಟ್ಟ ಡ್ರಮ್ಮು ನಿಮಿಷಕ್ಕೆ 9000 ಸುತ್ತು ತಿರುಗುತ್ತಿರುತ್ತದೆ. ಟೇಪಿನ ಅಗಲ ಕಾಲು ಇಂಚು. ಅದರ ಮೇಲೆ ಬರೆಯುವ ಒಂದೊಂದು ಗೆರೆ 10 ಮೈಕ್ರಾನು. ನಮ್ಮ ತಲೆಗೂದಲು ಅದಕ್ಕಿಂತ ಏಳೆಂಟು ಪಟ್ಟು ದಪ್ಪ. ಅಲ್ಲಿಗೆ ಒಂದು ಕಣ ಧೂಳು ಹೋದರೆ ಚಿತ್ರದಲ್ಲಿ ಚೌಕ ಚೌಕ ಕಲೆ ಬೀಳುತ್ತದೆ. ಆಗ ಟೇಪೇ ಹಾಳಾಯಿತು ಅಂತ ಹೆದರಬೇಡಿ. ಕ್ಲೀನಿಂಗ್ ಕ್ಯಾಸೆಟ್ಟನ್ನು ಅದರ ಮೇಲೆ ಬರೆದಷ್ಟೇ ಸೆಕೆಂಡು, ಜಾಸ್ತಿ ಅಲ್ಲ, ಓಡಿಸಿ ನೋಡಿ. ಜಾಸ್ತಿ ಓಡಿಸಿದರೆ ತಲೆಯೇ ಸವೆಯುತ್ತದೆ.

ಮೆನುವಿನಲ್ಲಿ ಎಸ್‌ಪಿ, ಎಲ್‌ಪಿ ಅಂತ ಟೇಪು ಓಡುವ ಎರಡು ವೇಗ ಇರುತ್ತದೆ. ಎಲ್‌ಪಿ ಹಾಕಿದರೆ 60 ನಿಮಿಷದ ಟೇಪಿನಲ್ಲಿ 90 ನಿಮಿಷ ಹಿಡಿಯುತ್ತದೆ. ಇಂಥ ಉಳಿತಾಯ ಬೇಡ. ಗೆರೆಗಳು ಇನ್ನೂ ಕಿರಿದಾಗಿ, ಒಂದು ಕ್ಯಾಮೆರಾದ ಟೇಪು ಇನ್ನೊಂದರಲ್ಲಿ ಓಡದೆ ಹೋಗಬಹುದು. ಡಿಜಿಟಲ್ ಜೂಮ್ ಅನ್ನು ಬಂದ್ ಮಾಡಿ. ಡಬ್ಬದ ಮೇಲೆ ನೂರಾರು ಪಟ್ಟು ಅಂತ ಬರೆದಿರುವುದು ಅದೇ. ಮಸೂರ ನಿಜವಾಗಿ ಹತ್ತಿಪ್ಪತ್ತು ಪಟ್ಟು ಹತ್ತಿರ ತರುತ್ತದೆ, ಉಳಿದದ್ದು ಸುಮ್ನೆ ಚಿತ್ರವನ್ನು ಎಳೆದು ಹಿಗ್ಗಿಸಿದ್ದು.

ನಮ್ಮ ಮನೆಯ ಕ್ಯಾಮೆರಾದ ಕಥೆ ಸ್ವಲ್ಪ ಹೇಳಿಬಿಡುತ್ತೇನೆ. 2003ರಲ್ಲಿ ನನ್ನ ಭಾವ ಅಮೆರಿಕದಿಂದ ಬರುವಾಗ ತಂದುಕೊಟ್ಟದ್ದು. ಗಣೇಶ ಚೌತಿಯ ದಿನ ಉತ್ಸಾಹದಿಂದ ಶೂಟಿಂಗ್ ಮಾಡಿದೆ. ಟಿವಿಗೆ ಹಚ್ಚಿದರೆ ಚಿತ್ರ ಕಪ್ಪು ಬಿಳುಪು! ಗಣಪತಿಗೆ ಏರಿಸಿದ ಕೆಂಪು ದಾಸವಾಳ ಬೂದು ಬಣ್ಣ. ಕ್ಯಾಮೆರಾ ಕೆಟ್ಟಿರಲಿಲ್ಲ. ಅಲ್ಲಿಯ ಟಿವಿ ಪದ್ಧತಿ ಎನ್‌ಟಿಎಸ್‌ಸಿ, ಸೆಕೆಂಡಿಗೆ ಹೆಚ್ಚುಕಡಿಮೆ 30 ಚಿತ್ರ. ನಮ್ಮದು ಪಾಲ್, 25 ಚಿತ್ರ. ನಮ್ಮ ಹಳೆಯ ಟಿವಿಗೆ ಆ ಬಣ್ಣದ ಭಾಷೆ ಬರುತ್ತಿರಲಿಲ್ಲ, ಅಷ್ಟೆ. ಜತೆಗೆ ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದೆಲ್ಲ ದಪದಪ ಮಿಡಿಯುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. ಆ ಕ್ಯಾಮೆರಾ ಒಂದೊಂದು ಚಿತ್ರವನ್ನೂ ಎರಡು ಅರ್ಧವಾಗಿ ತೆಗೆಯುವುದರಿಂದ 60ರ ತಾಳದಲ್ಲಿ ಕಣ್ಣು ಬಿಡುತ್ತದೆ. ತಾಳ ಕೂಡಲಿಲ್ಲ. ಮೆನುವಿನಲ್ಲಿ ಶಟರ್ ವೇಗವನ್ನು ನೂರರಲ್ಲಿ ಒಂದು ಸೆಕೆಂಡಿಗೆ ಇಟ್ಟ ಮೇಲೆ ಮಿಡಿತ ನಿಂತಿತು. ಇದನ್ನು ಕಂಡುಹಿಡಿಯಲು ನನಗೆ ಎರಡು ಚೌತಿ ಬೇಕಾಯಿತು.

ಇನ್ನು ಬೆಳಕು. ಮುಂಬೈಯ ಫ್ಲ್ಯಾಟಿನಲ್ಲಿ ಬೆಳಕು ಬರುವುದು ಒಂದೇ ಕಿಟಕಿಯಿಂದ, ಅಲ್ವಾ? ನಾವೋ ಅಜ್ಜಿಯನ್ನು ಅದೇ ಕಿಟಕಿಗೆ ಬೆನ್ನು ಮಾಡಿ ಕೂರಿಸುತ್ತೇವೆ. ಅಜ್ಜಿಯ ಮುಖ ಬಾಣಲೆಯ ತಳದಂತೆ ಕಪ್ಪಾಗುತ್ತದೆ. ಬ್ಯಾಕ್‌ಲೈಟ್ ಅಂತ ಒಂದು ಗುಂಡಿ ಇರುತ್ತದೆ ನಿಜ. ಅದಕ್ಕಿಂತ ಕುರ್ಚಿ ತಿರುಗಿಸುವುದು ಸುಲಭ. ಬಣ್ಣ ಹಳದಿಯೋ ಹಸಿರೋ ಆಗುತ್ತಿದ್ದರೆ ಅದೇ ಬೆಳಕಿನಲ್ಲಿ ಒಂದು ಬಿಳಿ ಪಂಚೆ ಹಿಡಿಯಿರಿ. ಪರದೆ ತುಂಬ ಪಂಚೆಯೇ ಕಾಣುವಂತೆ ಮಾಡಿ ವೈಟ್ ಬ್ಯಾಲೆನ್ಸ್ ಒತ್ತಿ, ಚಿಹ್ನೆ ಮಿಣುಕುವುದು ನಿಲ್ಲುವ ತನಕ ಕಾಯಿರಿ. ಪಂಚೆಗೆ ನೀಲಿ ಹಾಕಿರಬಾರದು, ಅದೊಂದು ನೋಡಿಕೊಳ್ಳಿ.

ಹಿಡಿಯುವ ಬಗೆ. ಎರಡೂ ಕೈ, ಮೊಣಕೈ ಪಕ್ಕೆಗೆ ಅಂಟಿರಲಿ. ಗುಂಡಿ ಒತ್ತಿ, ಒಂದು ಎರಡು ಎಣಿಸಿ. ಟೇಪು ಓಡಲು ಅಷ್ಟು ಹೊತ್ತು ಬೇಕು. ಆಮೇಲೆ ಹತ್ತು ಸೆಕೆಂಡು ಅಲುಗಬೇಡಿ. ಜೂಮ್ ಅನ್ನೋದು ಪಾಯಸದಲ್ಲಿನ ದ್ರಾಕ್ಷಿ. ಇರಲಿ, ಆದರೆ ದ್ರಾಕ್ಷಿಯನ್ನೇ ಬಡಿಸಬೇಡಿ. ಪರದೆಯ ಮೂಲೆಯಲ್ಲಿ ಕೆಂಪು 'ರೆಕ್' ಕಾಣುತ್ತಿದೆಯೇ ಅಂತ ಪ್ರತಿ ಸಲ ನೋಡಿ. ನನ್ನ ಬಳಿ ಒಂದು ಟೇಪಿದೆ. ಅದರಲ್ಲಿ ಹದಿನೆಂಟು ನಿಮಿಷ ಬರೀ ನನ್ನ ಚಪ್ಪಲಿ, ಮೆಟ್ಟಿಲು, ಯಾರದೋ ಸೀರೆಯ ಅಂಚು. ಶುರು ಮಾಡಿದೆ ಅಂದುಕೊಂಡಾಗ ನಿಲ್ಲಿಸಿದ್ದೆ, ನಿಲ್ಲಿಸಿದೆ ಅಂದುಕೊಂಡಾಗ ಶುರುವಾಗಿತ್ತು. ಧಾರೆ ಎರೆದದ್ದು ಮಾತ್ರ ಇಲ್ಲ.

ಇದು ರೇಡಿಯೊ. ನಾನು ಏನನ್ನೂ ತೋರಿಸಲಾರೆ, ಕೇಳಿಸಬಲ್ಲೆ ಅಷ್ಟೆ. ಅದಕ್ಕೇ ಇರಬೇಕು, ಕ್ಯಾಮೆರಾದ ಕಿವಿಯ ಮೇಲೆ ನನಗೆ ಮಮತೆ ಜಾಸ್ತಿ. ಎಲ್ಲರೂ ಮಸೂರ ಒರೆಸುತ್ತಾರೆ. ಅದರ ಕೆಳಗೋ ಮೇಲೋ ಸಣ್ಣ ಜಾಲರಿ ಇದೆಯಲ್ಲ, ಮೈಕು, ಅದನ್ನು ಯಾರೂ ನೋಡುವುದೇ ಇಲ್ಲ. ಬೆರಳು ಅದರ ಮೇಲೇ ಇಟ್ಟಿರುತ್ತಾರೆ. ಆಮೇಲೆ ಟೇಪಿನ ತುಂಬ ಗರಗರ.

ಮೆನುವಿನಲ್ಲಿ ಆಡಿಯೊ ಅಂತ ಇರುತ್ತದೆ. 12 ಬಿಟ್, 16 ಬಿಟ್. ಬಿಟ್ ಹೆಚ್ಚಿದ್ದರೆ ಶಬ್ದ ಚೆನ್ನಾಗಿರುತ್ತದೆ. ಅನೇಕ ಕ್ಯಾಮೆರಾಗಳು ಅಂಗಡಿಯಿಂದ ಬರುವಾಗಲೇ 12ರಲ್ಲಿರುತ್ತಿದ್ದವು. 16ಕ್ಕೆ ಬದಲಾಯಿಸಿ. ಇದಕ್ಕೆ ಟೇಪು ಜಾಸ್ತಿ ಖರ್ಚಾಗುವುದಿಲ್ಲ.

ಒಮ್ಮೆ ಮಾಟುಂಗಾದಲ್ಲಿ, ಮೈಸೂರು ಅಸೋಸಿಯೇಷನ್ ಸಭಾಂಗಣದಲ್ಲಿ, ತಾಳಮದ್ದಳೆ, ಅಂದರೆ ವೇಷ ಕುಣಿತಗಳಿಲ್ಲದೆ ಕೂತು ಮಾತಾಡುವ ಯಕ್ಷಗಾನ, ರೆಕಾರ್ಡ್ ಮಾಡಿದೆ. ಮುಂದಿನ ಸಾಲಿನಲ್ಲೇ ಜಾಗ ಸಿಕ್ಕಿತ್ತು, ಬಲು ಖುಷಿ. ಚೆಂಡೆಯವರ ಎದುರಿಗೇ ಕೂತೆ. ಅದೇ ತಪ್ಪು. ಕ್ಯಾಮೆರಾ ಶಬ್ದದ ಮಟ್ಟವನ್ನು ತಾನೇ ಏರಿಸಿ ಇಳಿಸಿ ಮಾಡುತ್ತದೆ. ಚೆಂಡೆ ಬಿದ್ದ ಕೂಡಲೇ ಹೆದರಿ ಕಿವಿ ಮುಚ್ಚಿಕೊಳ್ಳುತ್ತದೆ. ಪದ ಹಾಡಿ ಮುಗಿದು ಅರ್ಥ, ಅಂದರೆ ಪಾತ್ರದ ಮಾತು, ಶುರುವಾದಾಗ ಅದು ಕಿವಿ ತೆರೆಯಲು ಸ್ವಲ್ಪ ಹೊತ್ತು ಬೇಕು. ಅಷ್ಟರಲ್ಲಿ ಕರ್ಣನ ಮೊದಲ ನಾಲ್ಕು ಮಾತು ಹೋಗಿಯೇ ಹೋಗುತ್ತದೆ. ಇಡೀ ಪ್ರಸಂಗದಲ್ಲಿ ಪ್ರತಿ ಸಲವೂ ಹಾಗೇ ಆಗಿದೆ. ಈಗ ನಾನು ಚೆಂಡೆಯಿಂದ ದೂರ, ಅರ್ಥಧಾರಿಗಳ ಕಡೆಯ ಬದಿಯಲ್ಲಿ ಕೂರುತ್ತೇನೆ. ಹೊರಗಿನ ಮೈಕಿಗೆ ತೂತು ಇರುವ ಕ್ಯಾಮೆರಾ ಆದರೆ ಸಣ್ಣ ಕಾಲರ್ ಮೈಕೊಂದನ್ನು ಚುಚ್ಚಿ. ಲ್ಯಾಮಿಂಗ್ಟನ್ ರಸ್ತೆಯಲ್ಲಿ ಅಂಥ ಮೈಕಿಗೆ ಬರವಿಲ್ಲ.

ಮನೆಯಲ್ಲಾದರೆ ಫ್ಯಾನು ಬಂದ್ ಮಾಡಿ. ಮುಂಬೈಯ ಮೇ ತಿಂಗಳಲ್ಲಿ ಇದು ದೊಡ್ಡ ತ್ಯಾಗವೇ, ಗೊತ್ತು. ಹತ್ತು ನಿಮಿಷ ಸಾಕು. ಕುಕ್ಕರ್ ಇಳಿಸಿ. ನಮ್ಮ ಮನೆ ರೈಲು ಹಳಿಯ ಬದಿಗೆ. ಫಾಸ್ಟ್ ಲೋಕಲ್ ಹೋಗುವ ತನಕ ಕಾಯುತ್ತೇವೆ, ಆಮೇಲೆ ಗುಂಡಿ ಒತ್ತುತ್ತೇವೆ. ಜುಹು ಕಡಲತೀರದಲ್ಲಿ ಗಾಳಿಗೆ ಬೆನ್ನು ಕೊಟ್ಟು ನಿಲ್ಲಿ. ನಿಮ್ಮ ದೇಹವೇ ಮೈಕಿಗೆ ಮರೆ.

ತೇವದ ವಿಷಯ ಹೇಳದಿದ್ದರೆ ಮುಂಬೈಯವನೇ ಅಲ್ಲ ನಾನು. ಎಸಿ ಕೋಣೆಯಿಂದ ಹೊರಗಿನ ಸೆಕೆಗೆ ಕ್ಯಾಮೆರಾ ತಂದರೆ ಒಳಗಿನ ಡ್ರಮ್ಮಿನ ಮೇಲೆ ಹನಿ ಕಟ್ಟುತ್ತದೆ. ಟೇಪು ಅದಕ್ಕೆ ಅಂಟಿಕೊಂಡು ಕಿತ್ತುಹೋಗಬಹುದು. ಹೊರಡುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಿಗಿಯಾಗಿ ಕಟ್ಟಿ. ಹೊರಗೆ ಬಂದ ಮೇಲೆ ಸುಮಾರು ಒಂದು ಗಂಟೆ ಬಿಟ್ಟು ಬಿಚ್ಚಿ. ಮಳೆಗಾಲದಲ್ಲಿ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜತೆ ಇಡಿ. ಅಕ್ಕಿಯಲ್ಲಿ ಹೂತಿಡಬೇಡಿ, ಅಕ್ಕಿಯ ಧೂಳು ಒಳಗೆ ಹೋಗುತ್ತದೆ. ಬಚ್ಚಲಿನ ಗೋಡೆಗೆ ತಾಗಿದ ಕಪಾಟಂತೂ ಬೇಡವೇ ಬೇಡ. ಟೇಪುಗಳನ್ನು ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದಂತೆ ನಿಲ್ಲಿಸಿಡಿ.

ಈಗ ಹೊರಗೆ ತೆಗೆಯುವ ಮಾತು. ಟಿವಿಗೆ ಹಳದಿ, ಬಿಳಿ, ಕೆಂಪು ವೈರು ಹಚ್ಚಿದರೆ ನೋಡಬಹುದು. ಹಳದಿ ಚಿತ್ರಕ್ಕೆ, ಉಳಿದೆರಡು ಶಬ್ದಕ್ಕೆ. ಕಂಪ್ಯೂಟರಿಗೆ ತುಂಬಿಸಬೇಕಾದರೆ ವಿಡಿಯೊ ಸಾಗಿಸುವ ಬೇರೆಯೇ ಜೋಡಣೆ, ಫೈರ್‌ವೈರ್ ಬೇಕು. ಸೋನಿಯವರು ಅದನ್ನೇ ಐಲಿಂಕ್ ಅನ್ನುತ್ತಿದ್ದರು. ಕ್ಯಾಮೆರಾದಲ್ಲಿ ಯುಎಸ್‌ಬಿ ತೂತು ಇದ್ದರೂ ಹಲವು ಮಾದರಿಗಳಲ್ಲಿ ಅದು ಫೋಟೊ ಕಳಿಸಲು ಮಾತ್ರ. ಇಲ್ಲೇ ಜನ ಮೋಸಹೋಗುವುದು. ಹೊಸ ಲ್ಯಾಪ್‌ಟಾಪಿನಲ್ಲಿ ಫೈರ್‌ವೈರ್ ಇರುವುದಿಲ್ಲ. ನಾನು ಹಳೆಯ ಡೆಸ್ಕ್‌ಟಾಪಿಗೆ ಒಂದು ಕಾರ್ಡು ಕೂರಿಸಿಕೊಂಡಿದ್ದೇನೆ. ಒಂದು ಗಂಟೆಯ ಟೇಪು ಸುಮಾರು 13 ಜಿಬಿ ಜಾಗ ನುಂಗುತ್ತದೆ. ಮತ್ತೆ ಇದರಲ್ಲಿ ಅವಸರ ನಡೆಯದು. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಬೇಕು. ಕೂತು ನೋಡಲೇಬೇಕು.

ಹಾಗೆ ಕೂತಾಗ ಹೋದ ಶ್ರಾವಣದಲ್ಲಿ ಒಂದು ಟೇಪು ಬಂತು. 2004ರದ್ದು. ಅಮ್ಮ ಅಡುಗೆಮನೆಯ ನೆಲದಲ್ಲಿ ಕೂತು ಪತ್ರೊಡೆ ಮಾಡುತ್ತಿದ್ದಾರೆ. ಕೆಸುವಿನ ಎಲೆ ಬೋರಲು ಹಾಕಿ, ನಾರು ಚೂರಿಯಿಂದ ಸವರಿ ತೆಗೆದು, ಹಿಟ್ಟು ಬಳಿಯುತ್ತಾ ಹೇಳುತ್ತಿದ್ದಾರೆ, "ಹುಣಸೆಹಣ್ಣು ಕಡಿಮೆಯಾದರೆ ಗಂಟಲು ತುರಿಸ್ತದೆ, ನನ್ನಮ್ಮ ಎಷ್ಟು ಹಾಕ್ತಿದ್ದರು ಅಂದರೆ..." ಅಷ್ಟರಲ್ಲಿ ಕ್ಯಾಮೆರಾದ ಹಿಂದಿನಿಂದ ನನ್ನ ಧ್ವನಿ. "ಅಮ್ಮಾ, ಸ್ವಲ್ಪ ಸುಮ್ನಿರು, ಶೂಟಿಂಗ್ ನಡೀತಾ ಇದೆ."

ಅಮ್ಮ ಒಮ್ಮೆ ಕ್ಯಾಮೆರಾದತ್ತ ನೋಡುತ್ತಾರೆ. ಮುಂದಿನ ಎಲೆ ಎತ್ತಿಕೊಳ್ಳುತ್ತಾರೆ. ಉಳಿದ ಆರು ನಿಮಿಷ ಬರೀ ಕೈ. ಹಿಟ್ಟಿನ ಪಾತ್ರೆಗೆ ಬಳೆ ತಾಗುವ ಸದ್ದು, ಒಂದು ಲೋಕಲ್. ಹುಣಸೆಹಣ್ಣಿನ ಲೆಕ್ಕ ಸಿಗಲೇ ಇಲ್ಲ. ಈಗ ನಾನು ಯಾರ ಮನೆಗೆ ಕ್ಯಾಮೆರಾ ಹಿಡಿದು ಹೋದರೂ ಒಂದು ಪ್ರಶ್ನೆ ಕೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ.

ಹಾಂ, ಒಂದು ಮರೆತೆ. ಕ್ಯಾಸೆಟ್ಟಿನ ಬೆನ್ನಿನಲ್ಲಿ ಉಗುರಿನಷ್ಟು ಚಿಕ್ಕ ಸರಿಸುಗುಂಡಿ ಇರುತ್ತದೆ. ಒಂದು ಕಡೆ 'ರೆಕ್', ಇನ್ನೊಂದು ಕಡೆ 'ಸೇವ್'. ಹಳೆಯ ಟೇಪು ಯಾವುದೇ ಇರಲಿ, ಮೊದಲು ಅದನ್ನು 'ಸೇವ್' ಕಡೆಗೆ ಸರಿಸಿ. ಕ್ಯಾಮೆರಾಕ್ಕೆ ಹಾಕುವುದು ಆಮೇಲೆ.

ನಮಸ್ಕಾರ.