ಹೊಸ ಸಭೆ, ಶನಿವಾರದ ಪ್ರಾಕ್ಟೀಸು

ಕೇಳುಗರೆಲ್ಲರಿಗೂ ನಮಸ್ಕಾರ.

ವರ್ಗ ಆಗಿ ಬೇರೆ ಊರಿಗೆ ಹೋದರೆ ಮನೆ ಸಿಗುತ್ತದೆ, ಹಾಲಿನವನು ಸಿಗುತ್ತಾನೆ, ಮಕ್ಕಳಿಗೆ ಶಾಲೆಯೂ ಸಿಗುತ್ತದೆ. ಸಭೆ ಸಿಗುವುದು ತಡ. ಸಭೆ ಅಂದರೆ ನಾನು ಹೇಳುತ್ತಿರುವುದು ಚರ್ಚು, ನಾವು ಭಾನುವಾರ ಹೋಗುವ ದೇವಾಲಯ. ಒಳಗೆ ಹೋಗಿ ಕೂರಲು ಯಾರ ಅಡ್ಡಿಯೂ ಇಲ್ಲ, ಬೆಂಚಿನಲ್ಲಿ ಸರಿದು ಜಾಗ ಕೊಡುತ್ತಾರೆ, ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಅಯ್ಯನವರು ಕೈ ಕುಲುಕಿ ಯಾವ ಊರು ಅಂತ ಕೇಳುತ್ತಾರೆ. ಮುಂದಿನ ವಾರವೂ ಅದೇ ಪ್ರಶ್ನೆ. ದೊಡ್ಡ ನಗರವೊಂದರಲ್ಲಿ ಎಷ್ಟೋ ತಿಂಗಳು ನಾನು ಹೀಗೆ ಕೊನೆಯ ಬೆಂಚಿನಲ್ಲಿ ಕೂತು ಎದ್ದು ಬಂದಿದ್ದೇನೆ. ಆ ಸಭೆಯವರು ಒಳ್ಳೆಯವರೇ. ಆದರೆ ನಾನು ಒಂದು ವಾರ ಹೋಗದಿದ್ದರೆ ಅಲ್ಲಿ ಯಾರಿಗೂ ಏನೂ ಕಡಿಮೆ ಆಗುತ್ತಿರಲಿಲ್ಲ.

ಹಾಡುವವರ ಗುಂಪಿಗೆ, ಅಂದರೆ ಕ್ವಾಯರಿಗೆ, ಸೇರಿದರೆ ಹಾಗಲ್ಲ. ಒಬ್ಬರು ಬರದಿದ್ದರೆ ಅವತ್ತೇ ಗೊತ್ತಾಗುತ್ತದೆ, ಯಾಕೆ ಬರಲಿಲ್ಲ ಅಂತ ಫೋನು ಬರುತ್ತದೆ. ಇವತ್ತು ನಾನು ಮಾತಾಡಬೇಕು ಅಂದುಕೊಂಡಿರುವುದು ಇದರ ಬಗ್ಗೆಯೇ.

ನಾನು ಮಂಗಳೂರು ಕಡೆಯವಳು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು. ಸ್ವಿಟ್ಜರ್ಲೆಂಡ್ ಮತ್ತು ಜರ್ಮನಿಯ ದಕ್ಷಿಣ ಭಾಗದ ಜನ ಅವರು. ಹೆಂಚಿನ ಕಾರ್ಖಾನೆ, ಅಚ್ಚುಕೂಟ ಎಲ್ಲರಿಗೂ ನೆನಪಿದೆ. ಅವರ ಜೊತೆ ನಾಲ್ಕು ದನಿಯಲ್ಲಿ ಹಾಡುವ ರೂಢಿಯೂ ಬಂತು. ಸೊಪ್ರಾನೊ, ಆಲ್ಟೊ ಹೆಂಗಸರದು, ಟೆನರ್, ಬಾಸ್ ಗಂಡಸರದು. ಕನ್ನಡದಲ್ಲೂ ತುಳುವಿನಲ್ಲೂ ಹಾಡು ಬರೆದು, ಅದನ್ನು ಜರ್ಮನ್ ಧಾಟಿಗಳಲ್ಲಿ ಕೂರಿಸಿ ಹಾಡಿಸಿದರು. ನಮ್ಮ ಅಜ್ಜಿಯಂದಿರು ಅಡುಗೆ ಮನೆಯಲ್ಲಿ ಗುನುಗುತ್ತಿದ್ದದ್ದು ಆ ಧಾಟಿಗಳನ್ನೇ.

ನನ್ನದು ಆಲ್ಟೊ ದನಿ. ಹೆಂಗಸರಲ್ಲಿ ಕೆಳಗಿನ ದನಿ. ಹಾಡಿನ ಮುಖ್ಯ ಧಾಟಿ ಸೊಪ್ರಾನೊದವರದ್ದು, ಎಲ್ಲರಿಗೂ ಪರಿಚಯ ಇರುವುದು ಅದೇ. ಆಲ್ಟೊ ಹಾಗಲ್ಲ, ಒಂದೇ ಸ್ವರದ ಮೇಲೆ ಎಷ್ಟೋ ಹೊತ್ತು ನಿಂತು, ಸ್ವಲ್ಪ ಕೆಳಗಿಳಿದು, ಮತ್ತೆ ಅಲ್ಲಿಗೇ ಬರುತ್ತದೆ. ಮನೆಯಲ್ಲಿ ಒಬ್ಬಳೇ ಹಾಡಿಕೊಂಡರೆ ಅದು ಯಾವ ಹಾಡು ಅಂತ ಗಂಡನಿಗೂ ಗೊತ್ತಾಗುವುದಿಲ್ಲ. ಉಳಿದ ಮೂರು ದನಿ ಸೇರಿದಾಗ ಮಾತ್ರ ಅದಕ್ಕೆ ಅರ್ಥ. ಹಾಗಾಗಿ ಆಲ್ಟೊದವರಿಗೆ ಹೊಸ ಊರಿನಲ್ಲಿ ಮೊದಲು ಬೇಕಾಗುವುದು ಜನ.

ಬ್ಯಾಂಕಿನವರು ನನ್ನನ್ನು ಹುಬ್ಬಳ್ಳಿಗೆ ಹಾಕಿದರು. ಈ ಸಲ ನಾನು ಭಾನುವಾರಕ್ಕೆ ಕಾಯಲಿಲ್ಲ. ಪ್ರಾಕ್ಟೀಸ್ ಯಾವಾಗ ಅಂತ ಕೇಳಿಕೊಂಡು ಸೀದಾ ಶನಿವಾರ ಸಂಜೆ ಹೋದೆ. ಜಮಖಾನ ಹಾಸಿ ನೆಲದ ಮೇಲೆ ಕೂತಿದ್ದರು. ನಡುವೆ ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ, ಒಬ್ಬ ಹುಡುಗನ ಕೈಯಲ್ಲಿ ತಾಳ. ಹಾರ್ಮೋನಿಯಂ ಮಾಸ್ತರು ನನ್ನ ಹೆಸರು ಕೇಳುವ ಮೊದಲೇ "ಅಕ್ಕಾರ, ನಿಮ್ಮ ಸುರ ಯಾವ್ದ್ರೀ? ಕರಿ ಎರಡು ಆಗ್ತೈತೇನ್ರೀ?" ಅಂದರು.

ಕರಿ ಎರಡು ಅಂದರೆ ಹಾರ್ಮೋನಿಯಂನ ಎರಡನೇ ಕರಿ ಮನೆ. ಅದನ್ನು ಸ ಅಂತ ಹಿಡಿದು ಹಾಡುವುದು. ಹಾಡುವವರ ದನಿ ನೋಡಿ ಸ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು. ನಮ್ಮ ಕಡೆ ಕ್ವಾಯರಿನಲ್ಲಿ ಕಲಿಯುವ ಸೋಲ್ಫಾ ಪದ್ಧತಿಯೂ ಹೀಗೇ ಅಲ್ವಾ, ಅಲ್ಲಿ ಸ ಬದಲಿಗೆ ಹೇಳುವ ಡೋ ಕೂಡ ಹಾಡಿಗೆ ತಕ್ಕ ಹಾಗೆ ಜಾಗ ಬದಲಿಸುತ್ತದೆ. ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಜಾನ್ ಕರ್ವೆನ್ ಅದನ್ನು ಜನರ ನಡುವೆ ಹರಡಿದ್ದು, ಪಿಯಾನೊ ಇಲ್ಲದ, ಗೆರೆಗಳ ಮೇಲೆ ಸ್ವರ ಬರೆಯುವ ಸ್ಟಾಫ್ ನೊಟೇಶನ್ ಓದಲು ಬಾರದ ಸಾಮಾನ್ಯರು ಹಾಡಲಿ ಅಂತ. ಮಾಸ್ತರರಿಗೆ ಡೋ ರೆ ಮಿ ಗೊತ್ತಿರಲಿಲ್ಲ, ನನಗೆ ಅವರ ಭಜನೆಗಳು ಗೊತ್ತಿರಲಿಲ್ಲ, ಆದರೂ ಸ ಎಲ್ಲಿದೆ ಅನ್ನುವುದರಲ್ಲಿ ಇಬ್ಬರಿಗೂ ಒಂದು ಗಳಿಗೆಯೂ ಗೊಂದಲ ಆಗಲಿಲ್ಲ.

ಇಲ್ಲಿ ಹಾರ್ಮೋನಿಯಂ ಬಗ್ಗೆ ಒಂದು ಮಾತು ಹೇಳಲೇಬೇಕು, ರೇಡಿಯೋದಲ್ಲಿ ಮಾತಾಡುತ್ತಿದ್ದೇನಲ್ಲ. ಅದು ಯುರೋಪಿನಲ್ಲಿ ಹುಟ್ಟಿದ ವಾದ್ಯ, 1840ರ ದಶಕದಲ್ಲಿ ಪ್ಯಾರಿಸ್ಸಿನಲ್ಲಿ ಹೆಸರು ಪಡೆಯಿತು. ನಮ್ಮ ದೇಶಕ್ಕೆ ಅದನ್ನು ಹೊತ್ತು ತಂದವರಲ್ಲಿ ಮಿಷನರಿಗಳೂ ಇದ್ದರು. ಆಮೇಲೆ ಕಲ್ಕತ್ತದಲ್ಲಿ ಅದು ನೆಲದ ಮೇಲೆ ಕೂತು ಒಂದು ಕೈಯಲ್ಲಿ ತಿದಿ ಒತ್ತುವ ಪೆಟ್ಟಿಗೆಯಾಯಿತು. ನಮ್ಮ ಸ್ವರಗಳಿಗೆ ಅದು ಹೊಂದುವುದಿಲ್ಲ, ಗಮಕ ಬರುವುದಿಲ್ಲ ಅಂತ 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತು. ಆ ನಿಷೇಧ ಸಡಿಲಾಗಲು 1971ರ ತನಕ ಕಾಯಬೇಕಾಯಿತು. ಅಷ್ಟೂ ಕಾಲ ಚರ್ಚಿನಲ್ಲಿ, ಭಜನಾ ಮನೆಗಳಲ್ಲಿ, ನಾಟಕ ಕಂಪನಿಗಳಲ್ಲಿ ಅದು ನುಡಿಯುತ್ತಲೇ ಇತ್ತು. ಹೊರಗಿನಿಂದ ಬಂದ ಆ ಪೆಟ್ಟಿಗೆಯ ಸುತ್ತ ನಮ್ಮೂರುಗಳಲ್ಲಿ ಎಷ್ಟು ಜನ ಒಂದಾಗಿ ಕೂತಿದ್ದಾರೆ ಅಂತ ನೆನೆದರೆ ನನಗೆ ಅದರ ಮೇಲೆ ತುಂಬಾ ಪ್ರೀತಿ.

ಮತ್ತೆ ಜಮಖಾನಕ್ಕೆ ಬರೋಣ. ಭಜನೆಯಲ್ಲಿ ನಾಲ್ಕು ದನಿ ಇಲ್ಲ. ಒಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನೇ ತಿರುಗಿ ಹೇಳುತ್ತಾರೆ. ಪುಸ್ತಕ ನೋಡುವವರು ಕಡಿಮೆ. ನನ್ನ ಪಕ್ಕ ಕೂತಿದ್ದ ಅಕ್ಕ ತನ್ನ ಬೆರಳಿನಿಂದ ನನ್ನ ಮೊಣಕಾಲಿನ ಮೇಲೆ ತಾಳ ಹಾಕುತ್ತಾ ಹಾಡಿದರು. ಎಲ್ಲಿ ಎತ್ತಬೇಕು, ಎಲ್ಲಿ ಒಂದು ಮಾತ್ರೆ ಬಿಟ್ಟು ಹಿಡಿಯಬೇಕು ಅನ್ನುವುದು ಆ ಬೆರಳಿನಿಂದಲೇ ತಿಳಿಯಿತು. ಬಾಯಿ ಬಿಟ್ಟು ಒಂದು ಮಾತೂ ಹೇಳಲಿಲ್ಲ ಅವರು. ಪ್ರಾಕ್ಟೀಸ್ ಮುಗಿದ ಮೇಲೆ ಗಿರ್ಮಿಟ್ ಬಂತು, ಚಹಾ ಬಂತು. ಆಗ ಮಾತು ಶುರುವಾಯಿತು. ಮನೆ ಎಲ್ಲಿ, ಮಕ್ಕಳೆಷ್ಟು, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ. ಜೊತೆಗೆ ಹಾಡಿ ಆಗಿತ್ತಲ್ಲ, ಹಾಗಾಗಿ ಆ ಮಾತಿನಲ್ಲಿ ಯಾರಿಗೂ ಸಂಕೋಚ ಇರಲಿಲ್ಲ.

ಕೆಲವು ವಾರ ಆದ ಮೇಲೆ ಮಾಸ್ತರರೇ ಕೇಳಿದರು, ನಿಮ್ಮ ಕಡೆ ಅದೇನೋ ಕೆಳಗಿನ ದನಿ ಹಾಡುತ್ತೀರಂತಲ್ಲ, ಸ್ವಲ್ಪ ಹಾಡ್ರೀ ಅಂತ. ಬಿಲಾವಲ್ ರಾಗದ ಸ್ವರಗಳಲ್ಲಿದ್ದ ಒಂದು ಸರಳ ಭಜನೆ. ಎಲ್ಲ ಶುದ್ಧ ಸ್ವರ, ನಮ್ಮ ಮೇಜರ್ ಸ್ಕೇಲೇ ಅದು. ಪಲ್ಲವಿಯ ಕೊನೆಯ ಸಾಲಿಗೆ ಕೆಳಗಿನಿಂದ ಮೆಲ್ಲಗೆ ಆಲ್ಟೊ ಕೂಡಿಸಿದೆ. ತಬಲಾ ನುಡಿಸುತ್ತಿದ್ದ ಅಜ್ಜ ತಲೆ ಎತ್ತಿ ನೋಡಿ ಇನ್ನೊಮ್ಮೆ ಅಂದರು. ಇನ್ನೊಂದು ಹಾಡು ಭೈರವಿ ರಾಗದಲ್ಲಿತ್ತು, ಅದಕ್ಕೂ ಕೂಡಿಸಲೇ ಅಂದಾಗ ಮಾಸ್ತರು "ಇಲ್ಲಿ ಬ್ಯಾಡ್ರೀ, ಭೈರವಿ ಕೆಡ್ತೈತಿ" ಅಂದರು. ಅವರ ಮಾತು ಸರಿಯಾಗಿತ್ತು. ಎಲ್ಲಿ ಬೇಕು ಎಲ್ಲಿ ಬೇಡ ಅಂತ ನೇರವಾಗಿ ಹೇಳಿದರಲ್ಲ, ನೆಂಟರಿಗೆ ಯಾರೂ ಹಾಗೆ ಹೇಳುವುದಿಲ್ಲ. ನನಗೆ ಅವತ್ತು ತುಂಬಾ ಖುಷಿಯಾಯಿತು.

ಪಾಶ್ಚಾತ್ಯ ಧಾಟಿ ಮೇಲೋ, ನಮ್ಮ ಧಾಟಿ ಮೇಲೋ ಅಂತ ಸಭೆಗಳಲ್ಲಿ ಈಗಲೂ ಜಗಳ ಆಗುತ್ತದೆ. ಹಳೆಯ ವಿಷಯ ಇದು. ನಿಘಂಟಿನ ಕಿಟೆಲ್ ಅಂತಲೇ ನಮಗೆಲ್ಲ ಗೊತ್ತಿರುವ ಫರ್ಡಿನಾಂಡ್ ಕಿಟೆಲ್ 1862ರಲ್ಲೇ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲಿ ಬರೆದು ಕಥಾಮಾಲೆ ಅಂತ ಅಚ್ಚು ಹಾಕಿಸಿದರು. ಜರ್ಮನಿಯಿಂದ ಬಂದವರು ಕನ್ನಡದ ನಡೆಯಲ್ಲಿ ಬರೆದರು, ಮಂಗಳೂರಿನ ನಾವು ಜರ್ಮನ್ ಧಾಟಿಯಲ್ಲಿ ಹಾಡುತ್ತಾ ಬೆಳೆದೆವು. ಆಮೇಲೆ 1947ರ ಸೆಪ್ಟೆಂಬರ್ 27ರಂದು ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಶನಲ್ ಪರಂಪರೆಯವರು ಕೂಡಿ ದಕ್ಷಿಣ ಭಾರತ ಸಭೆ ಆಯಿತು. ಒಬ್ಬೊಬ್ಬರದೂ ಒಂದೊಂದು ಹಾಡುವ ರೂಢಿ. ಹಾಗಾಗಿ ಒಂದೇ ಸಾಹಿತ್ಯಕ್ಕೆ ಒಂದೊಂದು ಊರಿನಲ್ಲಿ ಒಂದೊಂದು ಧಾಟಿ ಕೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಹೊಸದಾಗಿ ಹೋದವರು ಮೊದಲು ಆ ಊರಿನ ಧಾಟಿ ಕಲಿಯಬೇಕು. "ನಮ್ಮ ಊರಿನಲ್ಲಿ ಹೀಗಲ್ಲ" ಅನ್ನುವ ಮಾತನ್ನು ಆರು ತಿಂಗಳು ಬಾಯಲ್ಲೇ ಇಟ್ಟುಕೊಂಡರೆ ಒಳ್ಳೆಯದು. ಆಮೇಲೆ ಅವರೇ ಕೇಳುತ್ತಾರೆ.

ಕ್ವಾಯರ್ ನಡೆಸುವವರಿಗೂ ಒಂದು ಮಾತಿದೆ. ಹೊಸಬರು ಬಂದರೆ ದಯವಿಟ್ಟು ಎದುರು ನಿಲ್ಲಿಸಿ ಹಾಡಿಸಿ ಪರೀಕ್ಷೆ ಮಾಡಬೇಡಿ. ಅದೇ ದನಿಯ ಒಬ್ಬರ ಪಕ್ಕ ಕೂರಿಸಿ, ಪುಸ್ತಕ ಕೈಗೆ ಕೊಡಿ. ಶ್ರುತಿ ಅಷ್ಟಾಗಿ ಸೇರದವರೂ ಇರುತ್ತಾರೆ, ಅವರಿಗೆ ತಾಳ ಕೊಡಿ, ಹಾಡು ಬರೆದು ಝೆರಾಕ್ಸ್ ಮಾಡಿಸುವ ಕೆಲಸ ಕೊಡಿ, ಮೈಕು ಹಚ್ಚುವುದಕ್ಕೆ ಹೇಳಿ. ಒಂದು ಭಾನುವಾರ ಅವರು ಬರದಿದ್ದರೆ ನಿಮಗೆ ತೊಂದರೆ ಆಗಬೇಕು, ಅಂಥ ಕೆಲಸ ಕೊಡಿ.

ನಮ್ಮ ಸಭೆಯಲ್ಲಿ ಈಗ ಕ್ರಿಸ್ಮಸ್ಸಿಗೆ ತಯಾರಿ ನಡೆದಿದೆ. ಒಂದು ಭಜನೆ, ಮತ್ತೆ ಮಂಗಳೂರಿನ ಧಾಟಿಯ ಒಂದು ಹಾಡು, ನಾಲ್ಕು ದನಿಯಲ್ಲಿ. ಸೊಪ್ರಾನೊದಲ್ಲಿ ಹುಡುಗಿಯರು ಬೇಕಾದಷ್ಟು ಇದ್ದಾರೆ, ಟೆನರ್ ಹೇಗೋ ಆಗುತ್ತದೆ, ಬಾಸ್ ಹಾಡುವ ಗಂಡಸರು ಮಾತ್ರ ಸಾಲುತ್ತಿಲ್ಲ. ನಿಮ್ಮ ಊರಿನ ಸಭೆಯಲ್ಲೂ ಬಹುಶಃ ಹೀಗೇ ಇರಬಹುದು. ದಪ್ಪ ದನಿಯವರು ಯಾರಾದರೂ ಹೊಸದಾಗಿ ಊರಿಗೆ ಬಂದಿದ್ದು, ಈಗ ಮನೆಯಲ್ಲಿ ಕೂತು ಈ ಮಾತು ಕೇಳುತ್ತಿದ್ದರೆ, ಬರುವ ಶನಿವಾರ ಹತ್ತಿರದ ಚರ್ಚಿಗೆ ಹೋಗಿ ಪ್ರಾಕ್ಟೀಸ್ ಎಷ್ಟು ಹೊತ್ತಿಗೆ ಅಂತ ಕೇಳಿ. ಕಾಯುತ್ತಿರುತ್ತಾರೆ.

ನಮಸ್ಕಾರ.